ಶುಕ್ರವಾರ ರಾತ್ರಿ ಹೊರಟು ವಿಜಯಪುರ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು, ಕರಾವಳಿಯ ಕಡೆಯ ಬಹಳ ಮಂದಿ ಹಂಪಿಗೆ ಹೋಗಿರುತ್ತಾರೆ, ಬಾದಾಮಿಗೂ ಹೋಗಿರುತ್ತಾರೆ. ವಿಜಯಪುರವನ್ನು ಮಾತ್ರ ಶಾಲೆಯ ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ನೋಡಿರುವುದಿಲ್ಲ. ವಾರಾಂತ್ಯಕ್ಕೆ ಇದ್ದಕ್ಕಿದ್ದಂತೆ ಎಲ್ಲಿಗಾದರೂ ಹೊರಡಬೇಕು ಎನ್ನುವವರಿಗೆ ನಾನು ಹೇಳುವ ಮೊದಲ ಊರು ಇದೇ. ಆಮೇಲೆ ಅವರು ಫೋನಿನಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಏನೂ ಗೊತ್ತುಮಾಡಿಕೊಳ್ಳದೆ ಹೋಗಬಹುದೇ?

ಧಾರಾಳವಾಗಿ ಹೋಗಬಹುದು. ದಿಢೀರ್ ಪ್ರವಾಸಕ್ಕೆ ಎಲ್ಲ ಊರೂ ಒಗ್ಗುವುದಿಲ್ಲ. ನೋಡುವ ಜಾಗಗಳು ಮೂವತ್ತು ನಲವತ್ತು ಕಿಲೋಮೀಟರ್ ದೂರದೂರ ಚದುರಿದ್ದರೆ ಅರ್ಧ ದಿನ ವಾಹನದಲ್ಲೇ ಕಳೆದುಹೋಗುತ್ತದೆ. ವಿಜಯಪುರದಲ್ಲಿ ಪೂರ್ವದ ತುದಿಗೆ ಗೋಳಗುಮ್ಮಟ, ಪಶ್ಚಿಮದಲ್ಲಿ ಹಳೆಯ ಕೋಟೆಗೋಡೆಯ ಆಚೆಗೆ ಇಬ್ರಾಹಿಂ ರೋಜಾ ಎಂಬ ಸಮಾಧಿ. ಇವೆರಡರ ನಡುವೆ ನಾಲ್ಕೈದು ಕಿಲೋಮೀಟರ್ ಇರಬಹುದು. ಮುಖ್ಯವಾದವುಗಳೆಲ್ಲ ಈ ಎರಡರ ನಡುವೆಯೇ ಸಿಗುತ್ತವೆ. ದಾರಿ ತಪ್ಪಿದರೂ ಗುಮ್ಮಟವೇ ದಿಕ್ಕು ತೋರಿಸುತ್ತದೆ.

ಒಂದು ಎಚ್ಚರಿಕೆ: ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಜಾನುವಾರು ಸಂತೆಯೂ ಜೊತೆಗೇ ಸೇರಿ ಊರೆಲ್ಲ ತುಂಬಿರುತ್ತದೆ. ಜಾತ್ರೆ ನೋಡುವ ಆಸೆಯಿದ್ದರೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಆದರೆ ಆಗ ಕೊಠಡಿಯನ್ನು ಮುಂಚಿತವಾಗಿ ಕಾಯ್ದಿರಿಸಲೇಬೇಕು.

ಬೆಂಗಳೂರಿನಿಂದ ಬಸ್ಸೇ, ರೈಲೇ?

ಎರಡೇ ದಿನ ಇದ್ದರೆ ಬಸ್. ರಸ್ತೆಯಲ್ಲಿ ಸುಮಾರು 520 ಕಿಲೋಮೀಟರ್. ಚಿತ್ರದುರ್ಗ, ಹೊಸಪೇಟೆ, ಇಳಕಲ್ಲಿನ ಮೇಲೆ ರಾತ್ರಿಯಿಡೀ ಬಂದು ಬೆಳಗಾಗುವ ಹೊತ್ತಿಗೆ ಇಳಿಸುತ್ತದೆ. ರೈಲು ಹುಬ್ಬಳ್ಳಿ, ಗದಗ, ಬಾಗಲಕೋಟೆಯ ಮೇಲೆ ಸುತ್ತಿಕೊಂಡು ಬರುವುದರಿಂದ ಬಹಳ ಹೆಚ್ಚು ಹೊತ್ತು ಹಿಡಿಯುತ್ತದೆ. ಸೋಮವಾರವೂ ರಜೆ ಇದ್ದರೆ ಮರಳುವಾಗ ಹಗಲಿನ ರೈಲು ಹಿಡಿಯಿರಿ. ಎರೆಭೂಮಿಯ ಬಯಲು ಎಷ್ಟು ಅಗಲ ಎಂಬುದು ಆ ಕಿಟಕಿಯಲ್ಲೇ ತಿಳಿಯಬೇಕು. ಮಂಗಳೂರು, ಉಡುಪಿಯವರು ಹುಬ್ಬಳ್ಳಿಗೆ ಬಂದು ಅಲ್ಲಿಂದ ಬಸ್ ಹಿಡಿಯುವುದು ಸುಲಭ. ಸೊಲ್ಲಾಪುರದಿಂದ ನೂರು ಕಿಲೋಮೀಟರ್ ಮಾತ್ರ, ಹಾಗಾಗಿ ಪುಣೆ, ಮುಂಬೈ ಕನ್ನಡಿಗರಿಗೆ ಇದು ಬೆಂಗಳೂರಿಗರಿಗಿಂತ ಹತ್ತಿರದ ಊರು.

ಉಳಿಯುವುದು ಎಲ್ಲಿ?

ಬಸ್ ನಿಲ್ದಾಣ, ರೈಲು ನಿಲ್ದಾಣದ ರಸ್ತೆ, ಗಾಂಧಿ ಚೌಕದ ಸುತ್ತ ವಸತಿಗೃಹಗಳಿವೆ. ಕೊಠಡಿ ನೋಡದೆ ಹಣ ಕೊಡಬೇಡಿ. ನೀರು ಬರುತ್ತದೆಯೇ ಎಂದು ನಲ್ಲಿ ತಿರುಗಿಸಿಯೇ ಒಪ್ಪಿಕೊಳ್ಳಿ. ಹಗಲು ಪೂರ್ತಿ ಹೊರಗೇ ಇರುವುದರಿಂದ ಇದರ ಮೇಲೆ ಹೆಚ್ಚು ಖರ್ಚು ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಯಾವ ತಿಂಗಳಲ್ಲಿ ಹೋಗಬಾರದು?

ಏಪ್ರಿಲ್, ಮೇ. ಬಿಸಿಲು 40 ಡಿಗ್ರಿ ದಾಟುತ್ತದೆ, ಕಲ್ಲಿನ ಹಾಸು ಕಾದ ಹೆಂಚಾಗಿರುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಹಿತವಾದ ಹವೆ. ಮಳೆಗಾಲವೂ ಇಲ್ಲಿ ಮಲೆನಾಡಿನಂತೆ ಕಟ್ಟಿಹಾಕುವುದಿಲ್ಲ. ಎರಡು ಮಳೆ ಬಿದ್ದ ಮೇಲೆ ಆಕಾಶ ತೊಳೆದಂತಾಗಿ, ಕಟ್ಟಡಗಳ ಕಂದು ಬಣ್ಣ ಎದ್ದು ಕಾಣುತ್ತದೆ. ಯಾವ ತಿಂಗಳಾದರೂ ಕಾಲುಚೀಲ ಇಟ್ಟುಕೊಳ್ಳಿ. ಚಪ್ಪಲಿ ಬಿಡಬೇಕಾದ ಕಡೆ ಮಧ್ಯಾಹ್ನದ ಕಲ್ಲಿನ ಮೇಲೆ ಅವೇ ಕಾಪಾಡುವುದು.

ಗೋಳಗುಮ್ಮಟಕ್ಕೆ ಯಾವ ಹೊತ್ತಿನಲ್ಲಿ ಹೋಗಬೇಕು?

ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ. ಆರು ಗಂಟೆಗೆ ತೆರೆಯುತ್ತದೆ. ರಾತ್ರಿಯ ಬಸ್ಸಿನಿಂದ ಇಳಿದವರು ಕೊಠಡಿಯಲ್ಲಿ ಚೀಲ ಎಸೆದು, ಮುಖ ತೊಳೆದು, ಒಂದು ಚಹಾ ಕುಡಿದು ನೇರವಾಗಿ ಇಲ್ಲಿಗೇ ಬರಬೇಕು. ಈ ಒಂದು ಮಾತನ್ನು ಕೇಳಿದರೆ ಸಾಕು, ಉಳಿದ ಸಲಹೆಗಳನ್ನು ಮರೆತರೂ ಪರವಾಗಿಲ್ಲ.

ಇದು ವಿಜಯಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು 1627ರಿಂದ 1656ರವರೆಗೆ ಆಳಿದ. ಹೊರಗಿನಿಂದ ನೋಡಿದರೆ ಒಂದು ದೊಡ್ಡ ಚೌಕ, ನಾಲ್ಕು ಮೂಲೆಗೆ ಏಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳು, ಮೇಲೊಂದು ಗುಮ್ಮಟ. ಅಲಂಕಾರ ಕಡಿಮೆ. ಕೆಲವರಿಗೆ ಆ ಕ್ಷಣದಲ್ಲಿ ನಿರಾಸೆಯೂ ಆಗುತ್ತದೆ. ಒಳಗೆ ಕಾಲಿಟ್ಟಾಗ ನೆಲದ ನಡುವೆ ಒಂದೂ ಕಂಬ ಕಾಣುವುದಿಲ್ಲ. ಒಂದೊಂದು ಬದಿ 41 ಮೀಟರಿನಷ್ಟಿರುವ ಕೋಣೆ, ತಲೆಯ ಮೇಲೆ ಒಳಗಿನಿಂದ ಸುಮಾರು 38 ಮೀಟರ್ ಅಡ್ಡಳತೆಯ ಗುಮ್ಮಟ. ಅದರ ಗೋಡೆಯ ದಪ್ಪವೇ ಸುಮಾರು ಮೂರು ಮೀಟರ್.

ಇಷ್ಟು ಭಾರ ನಿಂತದ್ದು ಹೇಗೆ ಎಂದು ತಿಳಿಯಬೇಕಾದರೆ ನಡುವಿನ ಕಟ್ಟೆಯ ಬಳಿ ನಿಂತು ಮೂಲೆಗಳ ಕಡೆಗೆ ಕತ್ತೆತ್ತಿ. ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಕತ್ತರಿಸುತ್ತ ಹೋಗುತ್ತವೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿಟ್ಟರೆ ನಕ್ಷತ್ರದ ಆಕಾರ ಬರುತ್ತದೆಯಲ್ಲ, ಅದೇ ಲೆಕ್ಕ. ಕೆಳಗಿನ ಚೌಕ ಮೇಲೆ ಹೋಗುತ್ತ ಎಂಟು ಮೂಲೆಯಾಗಿ, ಆ ಎಂಟು ಮೂಲೆ ವೃತ್ತವಾಗಿ, ವೃತ್ತದ ಮೇಲೆ ಗುಮ್ಮಟ ಕೂರುತ್ತದೆ. ಕಮಾನುಗಳು ಒಳಮುಖವಾಗಿ ಚಾಚಿಕೊಂಡಿರುವುದರಿಂದ ಗುಮ್ಮಟದ ಹೊರನೂಕು ಅಲ್ಲೇ ಅಡಗುತ್ತದೆ. ಎಂಜಿನಿಯರಿಂಗ್ ಓದದವರಿಗೂ ಹತ್ತು ನಿಮಿಷ ನಿಂತರೆ ಇದು ಕಣ್ಣಿಗೆ ಹೊಳೆಯುತ್ತದೆ. ಜಗತ್ತಿನಲ್ಲಿ ಎಷ್ಟನೆಯ ದೊಡ್ಡ ಗುಮ್ಮಟ ಎಂಬ ಲೆಕ್ಕಾಚಾರವನ್ನು ಅಲ್ಲಿರುವ ಎಲ್ಲರೂ ಮಾಡುತ್ತಿರುತ್ತಾರೆ. ನೀವು ಕಮಾನು ನೋಡಿ.

ಕಟ್ಟೆಯ ಮೇಲಿರುವವು ಗುರುತಿನ ಗೋರಿಗಳು. ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ. ಎದುರಿನ ನಗಾರಿಖಾನೆಯಲ್ಲಿ ವಸ್ತುಸಂಗ್ರಹಾಲಯವಿದೆ, ಶುಕ್ರವಾರ ಅದಕ್ಕೆ ರಜೆ. ಹತ್ತಿರದ ಹಳ್ಳಿಗಳಿಂದ ತಂದಿಟ್ಟ ಹಳಗನ್ನಡ ಶಾಸನಗಳೂ ಜೈನ ಮೂರ್ತಿಗಳೂ ಅಲ್ಲಿವೆ. ಕನ್ನಡ ಓದುವವರು ಅದನ್ನು ಬಿಟ್ಟು ಬರಬಾರದು.

ಪಿಸುಮಾತು ನಿಜವಾಗಿಯೂ ಕೇಳಿಸುತ್ತದೆಯೇ?

ಕೇಳಿಸುತ್ತದೆ, ಬೇರೆಯವರು ಕೂಗಾಡದಿದ್ದರೆ. ಮೂಲೆಯ ಗೋಪುರದ ಕಡಿದಾದ, ಕಿರಿದಾದ ಮೆಟ್ಟಿಲು ಹತ್ತಿ ಗುಮ್ಮಟದ ಬುಡಕ್ಕೆ ಬಂದರೆ ಒಳಸುತ್ತಿನ ಮೊಗಸಾಲೆ ಸಿಗುತ್ತದೆ. ಒಬ್ಬರು ಗೋಡೆಗೆ ಮುಖ ಮಾಡಿ ಮೆಲ್ಲಗೆ ಮಾತಾಡಬೇಕು, ಇನ್ನೊಬ್ಬರು ನೇರ ಎದುರಿನ ಬದಿಯಲ್ಲಿ ಗೋಡೆಗೆ ಕಿವಿ ಕೊಡಬೇಕು. ಬಾಗಿದ ಗೋಡೆಗೆ ಓರೆಯಾಗಿ ಬಡಿದ ಶಬ್ದ ಚದುರದೆ ಗೋಡೆಯನ್ನೇ ಅಪ್ಪಿಕೊಂಡು ಸುತ್ತಿ ಬರುತ್ತದೆ. ಕಾಗದ ಹರಿದ ಸದ್ದೂ ಆಚೆ ಬದಿಗೆ ತಲುಪುತ್ತದೆ. ಚಪ್ಪಾಳೆ ತಟ್ಟಿದರೆ ಏಳು ಬಾರಿ ಮರುದನಿ ಎಂದು ಊರಿನವರು ಹೇಳುತ್ತಾರೆ.

ಹತ್ತು ಗಂಟೆಯ ಮೇಲೆ ಶಾಲಾ ಪ್ರವಾಸದ ಮಕ್ಕಳು ಬರುತ್ತಾರೆ. ಅವರು ಕೂಗುವುದು ಸಹಜ. ಆಗ ಮೊಗಸಾಲೆ ಪೂರ್ತಿ ಗದ್ದಲವಾಗಿ ಪಿಸುಮಾತು ಮುಳುಗಿಹೋಗುತ್ತದೆ. ಆರು ಗಂಟೆಗೇ ಬನ್ನಿ ಎಂದದ್ದು ಇದಕ್ಕೇ.

ಮಂಡಿ ನೋವಿರುವ ತಂದೆತಾಯಿಯನ್ನು ಕರೆದೊಯ್ಯಬಹುದೇ?

ಕರೆದೊಯ್ಯಿರಿ, ಆದರೆ ಗೋಪುರ ಹತ್ತಿಸಬೇಡಿ. ಮೆಟ್ಟಿಲುಗಳು ನೂರಕ್ಕೂ ಹೆಚ್ಚು, ಕೆಲವು ಮೊಣಕಾಲೆತ್ತರ, ಹತ್ತುವವರೂ ಇಳಿಯುವವರೂ ಒಂದೇ ದಾರಿಯಲ್ಲಿ ಒತ್ತರಿಸುತ್ತಾರೆ. ಕೆಳಗಿನ ಕೋಣೆಯೇ ಅವರಿಗೆ ಸಾಕಷ್ಟು ಕೊಡುತ್ತದೆ. ಇಬ್ರಾಹಿಂ ರೋಜಾ, ಜಾಮಿ ಮಸೀದಿ, ಬಾರಾಕಮಾನ್ ಇವರಿಗೆ ಹೇಳಿಮಾಡಿಸಿದಂಥವು. ಕಾವಲುಗೋಪುರವಾದ ಉಪ್ಲಿ ಬುರುಜು ಬೇಡ. ಅದರ ಮೆಟ್ಟಿಲುಗಳು ಹೊರಮೈಗೆ ಸುತ್ತಿಕೊಂಡಿವೆ.

ಒಂದೇ ಒಂದು ಕಟ್ಟಡಕ್ಕೆ ಸಮಯ ಉಳಿದರೆ ಯಾವುದು?

ಇಬ್ರಾಹಿಂ ರೋಜಾ. ಗೋಳಗುಮ್ಮಟದ ಹೆಸರು ದೊಡ್ಡದು, ಅದಕ್ಕೆ ಅದು ತಕ್ಕದ್ದೂ ಹೌದು. ಆದರೂ ಈ ಊರಿನ ಹೃದಯ ರೋಜಾದಲ್ಲಿದೆ ಎಂದೇ ನನ್ನ ನಂಬಿಕೆ.

ಎರಡನೆಯ ಇಬ್ರಾಹಿಂ ಆದಿಲ್ ಶಾ 1580ರಿಂದ 1627ರವರೆಗೆ ಆಳಿದ. ಸಂಗೀತದ ಹುಚ್ಚಿದ್ದ ದೊರೆ. ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ದಖನಿ ಭಾಷೆಯಲ್ಲಿ ಹಾಡು ಕಟ್ಟಿದ. ಜನ ಅವನನ್ನು ಜಗದ್ಗುರು ಎಂದು ಕರೆದರು. ರಾಣಿ ತಾಜ್ ಸುಲ್ತಾನಳಿಗೆಂದು ಶುರುವಾದ ಸಮಾಧಿಯಿದು, ಕೊನೆಗೆ ಅವನೂ ಇಲ್ಲೇ ಮಣ್ಣಾದ. ಕಟ್ಟಿಸಿದ ಶಿಲ್ಪಿ ಮಲಿಕ್ ಸಂದಲ್.

ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಎರಡು ಕಟ್ಟಡಗಳಿವೆ, ಒಂದು ಸಮಾಧಿ, ಒಂದು ಮಸೀದಿ. ನಡುವೆ ಕೊಳ. ಸಮಾಧಿಯ ಗೋಡೆಯ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ಕಿಟಕಿಗಳ ಜಾಲಂಧ್ರವೆಲ್ಲ ಅಕ್ಷರಗಳು. ಕಲ್ಲನ್ನು ಕೊರೆದು ಬರೆದ ಬರಹದ ಸಂದಿಯಿಂದಲೇ ಒಳಗೆ ಬೆಳಕು ಹೋಗುತ್ತದೆ. ಸೂರಿನ ಕೆಳಗೆ ಕಲ್ಲಿನಲ್ಲೇ ಕೆತ್ತಿದ ಸರಪಳಿಗಳು ನೇತಾಡುತ್ತವೆ. ಒಳಗಿನ ಕೋಣೆಯ ಚಾವಣಿ ಚಪ್ಪಟೆ ಕಲ್ಲಿನದು, ಆಧಾರಕ್ಕೆ ತೊಲೆಯಿಲ್ಲ, ಕಂಬವಿಲ್ಲ. ನೋಡುತ್ತ ನಿಂತವರಿಗೆ ಇದು ಹೇಗೆ ಬೀಳದೆ ಉಳಿಯಿತು ಎಂದು ನಿಜಕ್ಕೂ ದಿಗಿಲಾಗುತ್ತದೆ.

ತಾಜಮಹಲಿಗೆ ಇದೇ ಸ್ಫೂರ್ತಿ ಎಂದು ಮಾರ್ಗದರ್ಶಿಗಳು ಹೇಳುತ್ತಾರೆ. ಆ ಹೋಲಿಕೆ ಇಲ್ಲದೆಯೂ ರೋಜಾ ತನ್ನ ಘನತೆಯಲ್ಲೇ ನಿಲ್ಲುತ್ತದೆ. ಮಧ್ಯಾಹ್ನ ನಾಲ್ಕರ ಮೇಲೆ ಹೋಗಿ. ಇಳಿಬಿಸಿಲಿನಲ್ಲಿ ಕೆತ್ತನೆಯ ಗೆರೆಗಳು ಒಂದೊಂದಾಗಿ ಮೇಲೇಳುತ್ತವೆ. ಆರಕ್ಕೆ ಬಾಗಿಲು ಮುಚ್ಚುವವರೆಗೆ ಅಲ್ಲೇ ಇರಿ.

ಉಳಿದವುಗಳಲ್ಲಿ ಯಾವುದನ್ನು ಬಿಡಬಹುದು?

ಎಲ್ಲವನ್ನೂ ನೋಡಲು ಹೊರಟರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

ಬಾರಾಕಮಾನ್ ನೋಡಿ. ಎರಡನೆಯ ಅಲಿ ಆದಿಲ್ ಶಾ ತನ್ನ ಸಮಾಧಿಗೆಂದು ಎಬ್ಬಿಸಿದ ಕಪ್ಪು ಕಲ್ಲಿನ ಕಮಾನುಗಳು ಅರ್ಧಕ್ಕೇ ನಿಂತಿವೆ, ಮೇಲೆ ಚಾವಣಿಯಿಲ್ಲ. ಕಟ್ಟಡವೊಂದರ ಒಳಗುಟ್ಟು ಪೂರ್ಣಗೊಂಡ ಗೋಳಗುಮ್ಮಟಕ್ಕಿಂತ ಈ ಅರ್ಧದಲ್ಲೇ ಹೆಚ್ಚು ತಿಳಿಯುತ್ತದೆ. ಗಾಂಧಿ ಚೌಕದಿಂದ ನಡೆದೇ ಹೋಗಬಹುದು.

ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹ್ಮದನಗರದಲ್ಲಿ ಎರಕಹೊಯ್ದದ್ದು. ತೂಕ 55 ಟನ್ ಎನ್ನುತ್ತಾರೆ. ಬಾಯಿಯ ಬಳಿ ಆನೆಯನ್ನು ಕಚ್ಚಿ ಹಿಡಿದ ಸಿಂಹಮುಖವಿದೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಮಾರಾಟ ರದ್ದಾಗಿ ತೋಪು ಉಳಿಯಿತು. ಹತ್ತಿರದ ಉಪ್ಲಿ ಬುರುಜು 1584ರದು. ಮೇಲಿನಿಂದ ಇಡೀ ಊರು ಕಾಣುತ್ತದೆ.

ಜೋಡ ಗುಮ್ಮಟ, ಗಗನ ಮಹಲ್, ಮೆಹತರ್ ಮಹಲುಗಳನ್ನು ಆಟೊದಲ್ಲಿ ಹೋಗುತ್ತ ದಾರಿಯಲ್ಲಿ ಸಿಕ್ಕರೆ ಇಳಿದು ನೋಡಿ, ಸಿಗದಿದ್ದರೆ ಮುಂದಿನ ಸಲಕ್ಕಿರಲಿ. ಆಸಾರ್ ಮಹಲಿನ ಒಳಗೆ ಹೆಂಗಸರನ್ನು ಬಿಡುವುದಿಲ್ಲ ಎಂಬುದು ಮೊದಲೇ ತಿಳಿದಿರಲಿ. ಹೊರಗಿನ ಕೊಳ, ಎತ್ತರದ ಮರದ ಕಂಬಗಳ ಪಡಸಾಲೆ ಎಲ್ಲರಿಗೂ ಕಾಣುತ್ತದೆ.

ಪಟ್ಟಿಗಳಲ್ಲಿ ಇಲ್ಲದ, ನೋಡಲೇಬೇಕಾದದ್ದು ಏನಾದರೂ ಇದೆಯೇ?

ಇದೆ. ನೀರು. ಇಷ್ಟು ಒಣ ನೆಲದಲ್ಲಿ, ಹತ್ತಿರ ಹೊಳೆಯಿಲ್ಲದೆ, ಲಕ್ಷಾಂತರ ಜನರ ರಾಜಧಾನಿ ಹೇಗೆ ಬದುಕಿತು? ಈ ಪ್ರಶ್ನೆ ಹಿಡಿದು ತಿರುಗಿದರೆ ಊರು ಬೇರೆಯದೇ ಆಗಿ ಕಾಣುತ್ತದೆ.

ಪಶ್ಚಿಮದ ತೊರವೆಯ ಕಡೆಯಿಂದ ನೆಲದಡಿಯ ಸುರಂಗಗಳಲ್ಲಿ ನೀರು ತಂದರು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವೆಗಳಲ್ಲಿ ಹರಿಸಿದರು. ಕೊಳವೆಯೊಳಗಿನ ಒತ್ತಡ ಹೆಚ್ಚಾಗಿ ಒಡೆಯದಂತೆ ದಾರಿಯುದ್ದಕ್ಕೂ ಗಂಜ್ ಎಂಬ ಕಲ್ಲಿನ ನೀರಿನ ಗೋಪುರಗಳನ್ನು ನಿಲ್ಲಿಸಿದರು. ಅಂಗಡಿಗಳ ನಡುವೆ, ಮನೆಗಳ ಹಿಂದೆ ಅವು ಇನ್ನೂ ನಿಂತಿವೆ. ಮುಂದೆ ಹಾದುಹೋಗುವವರು ಏನೋ ಹಳೆಯ ಕಂಬ ಎಂದುಕೊಳ್ಳುತ್ತಾರೆ.

ತಾಜ್ ಬಾವಡಿಗೆ ಖಂಡಿತ ಹೋಗಿ. 1620ರದು, ಮತ್ತೆ ತಾಜ್ ಸುಲ್ತಾನಳ ಹೆಸರಿನದು. ದೊಡ್ಡ ಕಮಾನಿನ ಬಾಗಿಲು ದಾಟಿ ಮೆಟ್ಟಿಲಿಳಿದರೆ ವಿಶಾಲವಾದ ಚೌಕ ಬಾವಿ, ಸುತ್ತ ದಾರಿಗರು ತಂಗುತ್ತಿದ್ದ ಕೋಣೆಗಳು. ಇಬ್ರಾಹಿಂ ರೋಜಾದ ದಾರಿಯಲ್ಲೇ ಸಿಗುತ್ತದೆ. ಕೆಲವು ವರ್ಷಗಳ ಹಿಂದೆ ಹೂಳೆತ್ತಿ ಸ್ವಚ್ಛಗೊಳಿಸಿದರು. ಅದರೊಳಗೆ ಕಸ ಎಸೆಯುವವರನ್ನು ಕಂಡರೆ ದಯವಿಟ್ಟು ಸುಮ್ಮನಿರಬೇಡಿ.

ತೊರವೆ ಎಂದಾಗ ಕಿವಿ ನಿಮಿರಿತೇ? ಕುಮಾರ ವಾಲ್ಮೀಕಿ ರಾಮಾಯಣವನ್ನು ಕನ್ನಡಿಸಿದ್ದು ಈ ತೊರವೆಯ ನರಸಿಂಹನ ಅಂಕಿತದಲ್ಲೇ. ಗುಡಿ ಊರಿಗೆ ತೀರ ಹತ್ತಿರ, ಆಟೊದಲ್ಲಿ ಹೋಗಿಬರಬಹುದು.

ಹಂಪಿಯನ್ನು ಹಾಳುಮಾಡಿದವರ ಊರಲ್ಲವೇ ಇದು?

ಈ ಪ್ರಶ್ನೆಯನ್ನು ಬಹಳ ಮಂದಿ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ನೇರವಾಗಿಯೇ ಉತ್ತರಿಸಬೇಕು. 1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರದ ವಿರುದ್ಧ ಸೇರಿದ ಸುಲ್ತಾನರಲ್ಲಿ ಒಂದನೆಯ ಅಲಿ ಆದಿಲ್ ಶಾಹನೂ ಒಬ್ಬ. ಅಲ್ಲಿಂದ ಬಂದ ಸಂಪತ್ತು ಈ ಊರಿನ ಕಟ್ಟಡಗಳಿಗೆ ಸೇರಿತು. ಜಾಮಿ ಮಸೀದಿ ಅವನದೇ. ಇದೇ ಅಲಿ ಅದಕ್ಕೆ ಮುಂಚೆ ವಿಜಯನಗರಕ್ಕೆ ಹೋಗಿ ಅಳಿಯ ರಾಮರಾಯನ ಸ್ನೇಹ ಗಳಿಸಿದ್ದ. ಮುಂದೆ 1686ರಲ್ಲಿ ಔರಂಗಜೇಬ ಬಂದು ಈ ಊರನ್ನೂ ಬೀಳಿಸಿದ. ಕಟ್ಟಿದವರೂ ಕೆಡವಿದವರೂ ಇಲ್ಲಿ ಒಬ್ಬರೇ ಆಗಿದ್ದುಂಟು.

ಊರಿನ ಬೇರು ಆದಿಲ್ ಶಾಹಿಗಳಿಗಿಂತ ಹಳೆಯದು. ಕಲ್ಯಾಣ ಚಾಲುಕ್ಯರ ಕಾಲದಿಂದಲೂ ಇದು ವಿಜಯಪುರವೇ. 2014ರ ನವೆಂಬರ್ 1ರಿಂದ ಬಿಜಾಪುರದ ಬದಲು ಆ ಹೆಸರೇ ಅಧಿಕೃತವಾಯಿತು. ಹಂಪಿಯ ನೋವನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಲ್ಲಿಗೆ ಬನ್ನಿ. ಎರಡನ್ನೂ ನೋಡಿದವರಿಗೆ ಮಾತ್ರ ತುಂಗಭದ್ರೆ ಮತ್ತು ಭೀಮೆಯ ನಡುವಿನ ನಮ್ಮ ಚರಿತ್ರೆ ಪೂರ್ತಿಯಾಗುತ್ತದೆ.

ಊಟ ಎಲ್ಲಿ, ಏನು?

ಖಾನಾವಳಿಯಲ್ಲಿ, ಜೋಳದ ರೊಟ್ಟಿ. ದೋಸೆ ಇಡ್ಲಿಯನ್ನು ಮನೆಯಲ್ಲಿ ತಿನ್ನಬಹುದು. ಇಲ್ಲಿಯ ಎರೆಮಣ್ಣಿನ ಬಿಳಿಜೋಳದ ರೊಟ್ಟಿ ಬೆಂಗಳೂರಿನಲ್ಲಿ ಸಿಗುವ ರೊಟ್ಟಿಗಿಂತ ಮೆತ್ತಗೆ, ಸಿಹಿಯಾಗಿ ಇರುತ್ತದೆ. ಜೊತೆಗೆ ಎಣ್ಣೆಗಾಯಿ, ಜುಣಕ, ಪುಂಡಿ ಪಲ್ಯ, ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಎಂದರೆ ಚಟ್ನಿಪುಡಿ), ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಹಿಂಡಿಗೆ ಮೊಸರು ಕಲಸಿಕೊಂಡು ಮೊದಲು ಸ್ವಲ್ಪ ರುಚಿ ನೋಡಿ, ಖಾರ ಅಷ್ಟು ಸುಲಭಕ್ಕೆ ಬಗ್ಗುವಂಥದಲ್ಲ. ಬಿಸಿ ರೊಟ್ಟಿ ಬೇಕೋ, ಒಣಗಿದ ಗರಿಗರಿ ಕಟಕ ರೊಟ್ಟಿ ಬೇಕೋ ಎಂದು ಕೇಳುತ್ತಾರೆ. ಮೊದಲ ದಿನ ಬಿಸಿಯದನ್ನೇ ಕೇಳಿ, ಕಟಕ ರೊಟ್ಟಿಯನ್ನು ಮನೆಗೆ ಕಟ್ಟಿಸಿಕೊಳ್ಳಿ.

ಬೆಳಗಿನ ತಿಂಡಿಗೆ ಮಂಡಕ್ಕಿಯ ಸೂಸಲ, ಮೇಲೊಂದು ಮಿರ್ಚಿ ಭಜಿ. ಮಾಂಸಾಹಾರಿಗಳಿಗೆ ಹಳೇ ಪೇಟೆಯ ಕಡೆ ಬಿರಿಯಾನಿಯ ಅಂಗಡಿಗಳಿವೆ.

ಭಾಷೆಯ ತೊಂದರೆಯಾಗುತ್ತದೆಯೇ?

ಇಲ್ಲ. ಕನ್ನಡವೇ ಸಾಕು, ಪೇಟೆಯಲ್ಲಿ ದಖನಿ ಉರ್ದು, ಅಲ್ಲಲ್ಲಿ ಮರಾಠಿಯೂ ಕಿವಿಗೆ ಬೀಳುತ್ತದೆ. ದಕ್ಷಿಣದವರಿಗೆ ಮೊದಲ ಗಂಟೆ ಇಲ್ಲಿಯ ಮಾತು ಒರಟೆನಿಸಬಹುದು. ಆದರೆ ದಾರಿ ಕೇಳಿದ ಅಪರಿಚಿತನನ್ನು ಕೂರಿಸಿ ನೀರು ಕೊಟ್ಟು ಆಮೇಲೆ ದಾರಿ ಹೇಳುವವರು ಇವರೇ. ದೊಡ್ಡವರನ್ನು ಅಣ್ಣಾರು, ಅಕ್ಕಾರು, ಯಜಮಾನರು ಎಂದು ಮರ್ಯಾದೆಯಿಂದ ಮಾತಾಡಿಸಿ. ಅಷ್ಟೇ ಪ್ರೀತಿ ಮರಳಿ ಬರುತ್ತದೆ.

ಸುತ್ತಾಡಲು ಆಟೊ ಸಾಕೇ? ಮಾರ್ಗದರ್ಶಿ ಬೇಕೇ?

ಆಟೊ ಸಾಕು. ಅರ್ಧ ದಿನಕ್ಕೆ ಇಷ್ಟೆಂದು ಮೊದಲೇ ಮಾತಾಡಿಕೊಳ್ಳಿ, ಯಾವ ಯಾವ ಜಾಗ ಎಂದು ಹೆಸರು ಹೇಳಿಯೇ ಒಪ್ಪಂದ ಮಾಡಿಕೊಳ್ಳಿ. ಟಾಂಗಾಗಳು ಕಡಿಮೆಯಾಗುತ್ತಿವೆ. ಕಂಡರೆ ಒಂದು ಸವಾರಿ ಮಾಡಿ, ಆ ಕುಟುಂಬಗಳಿಗೂ ನಾಲ್ಕು ಕಾಸು ಸಿಗಲಿ. ಮಾರ್ಗದರ್ಶಿಯನ್ನು ಗೋಳಗುಮ್ಮಟಕ್ಕೆ ಒಮ್ಮೆ ಗೊತ್ತುಮಾಡಿಕೊಂಡರೆ ಒಳ್ಳೆಯದು, ಪಿಸುಮಾತಿನ ಸರಿಯಾದ ಜಾಗವನ್ನು ಅವರೇ ತೋರಿಸುತ್ತಾರೆ. ರೋಜಾಕ್ಕೆ ನಿಮ್ಮ ಕಣ್ಣು ಸಾಕು.

ಬಾದಾಮಿ, ಕೂಡಲಸಂಗಮ, ಆಲಮಟ್ಟಿಯನ್ನೂ ಸೇರಿಸಿಕೊಳ್ಳಬಹುದೇ?

ಬಾದಾಮಿ ಬೇಡ. ಅದು ನೂರು ಕಿಲೋಮೀಟರಿಗೂ ಹೆಚ್ಚು ದೂರ, ಅದಕ್ಕೇ ಎರಡು ದಿನ ಬೇಕು. ಎರಡನ್ನೂ ಒಂದೇ ವಾರಾಂತ್ಯಕ್ಕೆ ತುರುಕಿದರೆ ಎರಡಕ್ಕೂ ಅನ್ಯಾಯ. ಸ್ವಂತ ಕಾರಿದ್ದು ಬೆಂಗಳೂರಿಗೆ ಮರಳುವವರಾದರೆ ಬಸವನ ಬಾಗೇವಾಡಿಗೆ ಹೋಗಿ ಮುಂದೆ ಸಾಗಬಹುದು. ಬಸವಣ್ಣನವರು ಹುಟ್ಟಿದ ಊರು, ಹೆದ್ದಾರಿಯಿಂದ ದೂರವೇನಲ್ಲ. ಕೂಡಲಸಂಗಮವೂ ಆಲಮಟ್ಟಿಯೂ ಅದೇ ದಿಕ್ಕಿನಲ್ಲಿವೆ. ಒಂದನ್ನು ಆರಿಸಿಕೊಳ್ಳಿ.

ಮನೆಗೆ ಏನು ತರಬೇಕು?

ಒಣದ್ರಾಕ್ಷಿ. ಸುತ್ತಲ ತಾಲ್ಲೂಕುಗಳಲ್ಲಿ ದ್ರಾಕ್ಷಿ ಬೆಳೆದು ಇಲ್ಲೇ ಒಣಗಿಸುತ್ತಾರೆ. ಇಂಡಿಯ ನಿಂಬೆ, ಶೇಂಗಾ ಹೋಳಿಗೆ, ಕಟಕ ರೊಟ್ಟಿ, ಹಿಂಡಿಯ ಪೊಟ್ಟಣಗಳು ಗಾಂಧಿ ಚೌಕದ ಆಸುಪಾಸಿನ ಮಾರುಕಟ್ಟೆಯಲ್ಲಿ ಸಿಗುತ್ತವೆ.

ಬಸ್ ತಡವಾಗಿ ಶನಿವಾರ ಮಧ್ಯಾಹ್ನ ತಲುಪಿದರೆ ಏನು ಮಾಡುವುದು?

ಕ್ರಮವನ್ನು ತಿರುಗಿಸಿ. ಊಟ ಮುಗಿಸಿ ಮೂರರ ಹೊತ್ತಿಗೆ ತಾಜ್ ಬಾವಡಿ, ಅಲ್ಲಿಂದ ಇಬ್ರಾಹಿಂ ರೋಜಾ, ಮುಚ್ಚುವವರೆಗೆ. ಸಂಜೆ ಸಿದ್ಧೇಶ್ವರ ಗುಡಿಯ ಕಡೆ ನಡೆದಾಡಿ, ಪೇಟೆ ನೋಡಿ, ಬೇಗ ಮಲಗಿ. ಭಾನುವಾರ ಬೆಳಗ್ಗೆ ಆರಕ್ಕೆ ಗೋಳಗುಮ್ಮಟ, ತಿಂಡಿ, ವಸ್ತುಸಂಗ್ರಹಾಲಯ, ಜಾಮಿ ಮಸೀದಿ, ಬಾರಾಕಮಾನ್. ಮಸೀದಿಯಲ್ಲಿ ಮೈತುಂಬ ಬಟ್ಟೆಯಿರಲಿ, ನಮಾಜಿನ ಹೊತ್ತನ್ನು ಬಿಟ್ಟು ಹೋಗಿ. ಬಿಸಿಲು ಇಳಿದ ಮೇಲೆ ತೋಪು, ಉಪ್ಲಿ ಬುರುಜು. ರಾತ್ರಿಯ ಬಸ್ಸಿಗೆ ಮುಂಚೆ ಖಾನಾವಳಿಗೆ ಇನ್ನೊಮ್ಮೆ ಹೋಗಲು ಹೊತ್ತಿರುತ್ತದೆ. ಮರಳುವ ಟಿಕೆಟ್ಟನ್ನು ಮಾತ್ರ ಶನಿವಾರವೇ ಕಾಯ್ದಿರಿಸಿಕೊಳ್ಳಿ, ಭಾನುವಾರ ರಾತ್ರಿ ಬೆಂಗಳೂರಿನ ಬಸ್ಸುಗಳು ಬೇಗ ತುಂಬುತ್ತವೆ.